ಒಂದೇ ದರಪಟ್ಟಿ, ಐದು ಭಾಷೆ: ತರಕಾರಿ ಕೋಷ್ಟಕಕ್ಕೆ ಭಾಷೆ ಸೇರಿಸೋದು ಹೇಗೆ?

‘ಕೀರೆ’ ಅಂದರೆ ಏನು? ಬೆಂಗಳೂರಿನ ಸುತ್ತಮುತ್ತ ಸೊಪ್ಪು ಬೆಳೆಯುವವರನ್ನು ಕೇಳಿ, ದಂಟು, ಹರಿವೆ ಜಾತಿಯ ಒಂದು ಸೊಪ್ಪು ಅಂತಾರೆ. ತಮಿಳು ಮನೆಮಾತಿನವರಿಗೆ ‘ಕೀರೈ’ ಅಂದರೆ ಯಾವ ಸೊಪ್ಪಾದರೂ ಸರಿ, ಎಲ್ಲ ಸೊಪ್ಪಿಗೂ ಸೇರಿ ಇರುವ ಹೆಸರು ಅದು. ತೆಲುಗಿನ ‘ಕೀರ ದೋಸಕಾಯ’, ಹಿಂದಿಯ ‘ಖೀರಾ’ ಎರಡೂ ಸೌತೆಕಾಯಿ. ಈಗ ನಿಮ್ಮ ದರಪಟ್ಟಿಯಲ್ಲಿ ‘ಕೀರೆ, ಕಟ್ಟು, 10 ರೂ.’ ಅಂತ ಒಂದು ಸಾಲು ಇದೆ ಅಂದುಕೊಳ್ಳಿ. ಅದರ ಲಿಂಕ್ ಗಾಂಧಿ ಬಜಾರಿನ ಅಂಗಡಿಗೆ, ಮಲ್ಲೇಶ್ವರದ ಅಪಾರ್ಟ್‌ಮೆಂಟ್ ಗುಂಪಿಗೆ, ಚಾಮರಾಜಪೇಟೆಯ ಹೋಟೆಲಿಗೆ ಹೋಗಿದೆ. ಮೂರು ಕಡೆ ಮೂರು ಅರ್ಥ ಆಗಬಹುದು. ಬೆಳಗಿನ ಜಾವ ಕಿತ್ತ ಸೊಪ್ಪು ಮಧ್ಯಾಹ್ನಕ್ಕೆಲ್ಲ ಬಾಡುತ್ತೆ. ‘ನಾವು ಕೇಳಿದ್ದು ಇದಲ್ಲ’ ಅಂತ ವಾಪಸ್ ಬಂದರೆ ಹಸುವಿನ ಮುಂದೆ ಹಾಕೋದೇ ದಾರಿ.

ನೇರ ಮಾರಾಟ ಮಾಡುವ ನಮ್ಮ ಓದುಗರಲ್ಲಿ ಸುಮಾರು ಜನ ಈಗ ದರಪಟ್ಟಿಯನ್ನು ಫೋಟೊ ಹೊಡೆದು ಕಳಿಸುವುದನ್ನು ಬಿಟ್ಟು, ಗೂಗಲ್ ಶೀಟ್‌ನಲ್ಲೋ ಸ್ವಂತ ವೆಬ್ ಪುಟದಲ್ಲೋ ಕೋಷ್ಟಕ ಇಟ್ಟುಕೊಂಡಿದ್ದಾರೆ. ಬೆರಳಲ್ಲಿ ಒತ್ತಿದರೆ ದರದ ಪ್ರಕಾರ ಜೋಡಿಸಿಕೊಳ್ಳುವ, ಹೆಸರು ಹಾಕಿದರೆ ಹುಡುಕಿ ಕೊಡುವ ಕೋಷ್ಟಕ. ಇದಕ್ಕೇ ವೆಬ್ ಕೆಲಸದವರು ಡೇಟಾ ಗ್ರಿಡ್ ಅನ್ನೋದು. ಈ ಗ್ರಿಡ್ಡು ಓದುವವರ ಭಾಷೆಯಲ್ಲಿ ಕಾಣಬೇಕು, ಆದರೆ ಬೆಳೆದವನಿಗೆ ಬರುವ ಆರ್ಡರ್ ಮಾತ್ರ ಗೊಂದಲ ಇಲ್ಲದೆ ಬರಬೇಕು. ಈ ವಾರ ಅದನ್ನೇ ನೋಡೋಣ.

‘ಬ್ರೌಸರ್‌ನಲ್ಲೇ ಅನುವಾದದ ಬಟನ್ ಇದೆಯಲ್ಲ, ಅದನ್ನ ಒತ್ತಿಕೊಳ್ಳಲಿ’ ಅಂತ ನೀವು ಹೇಳಬಹುದು. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಅಲ್ಲಿಂದ ಈಚೆಗೆ ಅದು ತುಂಬಾ ಸುಧಾರಿಸಿದೆ, ಪೂರ್ತಿ ವಾಕ್ಯ ಕೊಟ್ಟರೆ ಚೆನ್ನಾಗೇ ಮಾಡುತ್ತೆ. ಆದರೆ ಕೋಷ್ಟಕದ ಒಂದು ಚೌಕದಲ್ಲಿ ವಾಕ್ಯ ಇರಲ್ಲ, ಒಂಟಿ ಪದ ಇರುತ್ತೆ. ಹೂವಿನ ಸಾಲಿನಲ್ಲಿ ‘ಮಾರು’ ಅಂತ ಬರೆದರೆ ನಮಗೆ ಎರಡು ಕೈ ಚಾಚಿದ ಅಳತೆ. ಯಂತ್ರಕ್ಕೆ ಅದು ‘ಮಾರಾಟ ಮಾಡು’ ಅನ್ನುವ ಮಾತೂ ಆಗಬಹುದು. ‘ಕಟ್ಟು’ ಅಂದರೆ ಸೊಪ್ಪಿನ ಕಟ್ಟೋ, ಮನೆ ಕಟ್ಟೋದೋ, ದುಡ್ಡು ಕಟ್ಟೋದೋ? ಅಕ್ಕಪಕ್ಕ ಮಾತಿಲ್ಲದೆ ಮನುಷ್ಯನಿಗೇ ಗೊತ್ತಾಗಲ್ಲ, ಯಂತ್ರವನ್ನು ಬೈದು ಏನು ಪ್ರಯೋಜನ.

ಇನ್ನೊಂದು ಉದಾಹರಣೆ ಸೀಮೆಬದನೆ. ತೆಲುಗಿನಲ್ಲಿ ಅದು ‘ಬೆಂಗಳೂರು ವಂಕಾಯ’, ತಮಿಳಿನಲ್ಲಿ ‘ಚೌ ಚೌ’ ಅಥವಾ ‘ಬೆಂಗಳೂರು ಕತ್ತರಿಕ್ಕಾಯ್’. ಪದಕ್ಕೆ ಪದ ಇಟ್ಟರೆ ಎಲ್ಲ ಕಡೆ ಬದನೆಕಾಯಿ ಬಂದು ಕೂರುತ್ತೆ. ಸೀಮೆಬದನೆ ಸೋರೆ, ಸೌತೆಯ ಕುಟುಂಬದ ಬಳ್ಳಿ, ಬದನೆಗೂ ಅದಕ್ಕೂ ಸಂಬಂಧವೇ ಇಲ್ಲ.

ಪರಿಹಾರ ಏನು ಅಂತ ಮೊದಲೇ ಹೇಳಿಬಿಡ್ತೀನಿ. ಬೆಳೆಯ ಹೆಸರನ್ನು ದರಪಟ್ಟಿಯಲ್ಲಿ ಬರೆಯಲೇಬೇಡಿ. ಅದರ ಜಾಗದಲ್ಲಿ ಒಂದು ಸಂಖ್ಯೆ ಇಡಿ. 101 ಅಂದರೆ ಇಂಥದ್ದು, 102 ಅಂದರೆ ಇಂಥದ್ದು. ಹೆಸರುಗಳೆಲ್ಲ ಬೇರೆ ಹಾಳೆಯಲ್ಲಿ, ಒಂದೊಂದು ಭಾಷೆಗೆ ಒಂದೊಂದು ಕಾಲಂನಲ್ಲಿ ಇರಲಿ. ದರ ನಿಂತಿರೋದು ಸಂಖ್ಯೆಯ ಮೇಲೆ, ಹೆಸರು ಓದುವವರ ಅನುಕೂಲಕ್ಕೆ. ಸಾಫ್ಟ್‌ವೇರ್‌ನವರು ಇದಕ್ಕೆ ‘ಕೀ’ ಅಂತಾರೆ. ತೋಟಗಾರಿಕೆ ಓದಿದವರಿಗೆ ಇದೇನೂ ಹೊಸದಲ್ಲ. ಊರಿಗೊಂದು ಹೆಸರಿನ ಗಿಡಕ್ಕೆ ಒಂದೇ ಲ್ಯಾಟಿನ್ ಹೆಸರು ಕೊಡೋದು ಇದೇ ಕಾರಣಕ್ಕೆ.

ಹಾಗಂತ ಲ್ಯಾಟಿನ್ ಹೆಸರನ್ನೇ ‘ಕೀ’ ಮಾಡಿಕೊಳ್ಳೋಣ ಅಂದರೆ ಆಗಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು ಮೂರೂ ‘ಬ್ರಾಸಿಕಾ ಒಲೆರೇಸಿಯಾ’. ಪರೀಕ್ಷೆಯಲ್ಲಿ ಅದು ಸರಿ ಉತ್ತರ, ಸಂತೆಯಲ್ಲಿ ಮಾತ್ರ ಮೂರಕ್ಕೂ ಬೇರೆ ಬೇರೆ ದರ. ಅವರೆಯನ್ನೇ ತೊಗೊಳ್ಳಿ. ಗಿಡದ ಹೆಸರು ‘ಲ್ಯಾಬ್‌ಲ್ಯಾಬ್ ಪರ್ಪ್ಯೂರಿಯಸ್’. ಅದರಲ್ಲಿ ಸಿಪ್ಪೆ ಸಮೇತ ಪಲ್ಯ ಮಾಡುವ ಚಪ್ಪರದವರೆ ಒಂದು. ಕಾಳಿಗಾಗಿ ಬಿಡಿಸುವ ಹೊಲದ ಅವರೆಕಾಯಿ ಇನ್ನೊಂದು. ಬಿಡಿಸಿದ ಮೇಲೆ ಅದೇ ಅವರೆಕಾಳು. ನೆನೆಸಿ, ಬೆರಳಲ್ಲಿ ಹಿತುಕಿದ ಮೇಲೆ ಹಿತಕಿದ ಬೇಳೆ. ಚಳಿಗಾಲದಲ್ಲಿ ಬಸವನಗುಡಿ ಪಕ್ಕದ ಸಜ್ಜನರಾವ್ ವೃತ್ತದ ಕಡೆ ಬೆಳೆದುಬಂದ ಅವರೆ ಮೇಳ ನೋಡಿದವರಿಗೆ ಗೊತ್ತು, ಅಲ್ಲಿ ಇವೆಲ್ಲ ಬೇರೆ ಬೇರೆ ಸರಕು, ಬೇರೆ ಬೇರೆ ದುಡ್ಡು. ಆದ್ದರಿಂದ ಸಂಖ್ಯೆ ಕೊಡಬೇಕಾದ್ದು ಗಿಡಕ್ಕಲ್ಲ, ಕ್ರೇಟಿಗೆ ಯಾವ ರೂಪದಲ್ಲಿ ಹೋಗುತ್ತೋ ಆ ರೂಪಕ್ಕೆ. ಅವರೆಯ ನಾಲ್ಕು ರೂಪಕ್ಕೆ ನಾಲ್ಕು ಸಂಖ್ಯೆ.

ಈ ಕೆಲಸದಲ್ಲಿ ನಿಜವಾಗಿ ಸಮಯ ಹಿಡಿಯೋದು ಹೆಸರಿನ ಹಾಳೆಗೇ. ಉಳಿದದ್ದು ಒಂದು ಭಾನುವಾರದ ಕೆಲಸ. ಅವರೆಯಲ್ಲೇ ಮುಂದುವರಿಯೋಣ. ತಮಿಳಿನ ‘ಅವರೈಕ್ಕಾಯ್’ ಕೇಳೋದಕ್ಕೆ ನಮ್ಮ ಅವರೆಕಾಯಿ ಥರವೇ ಇದೆ, ಆದರೆ ಅವರು ಹೇಳ್ತಿರೋದು ಸಿಪ್ಪೆ ಸಮೇತ ಹೆಚ್ಚುವ ಚಪ್ಪರದವರೆಯನ್ನು. ನಮ್ಮ ಕಾಳಿನ ಅವರೆಗೆ ಅವರಲ್ಲಿ ‘ಮೊಚ್ಚೈ’. ಪಟ್ಟಿಯಲ್ಲಿ ಅವರೆಕಾಯಿಯನ್ನೇ ತಮಿಳು ಲಿಪಿಯಲ್ಲಿ ಬರೆದು ಕೂರಿಸಿದರೆ, ತಮಿಳು ಮನೆಯವರು ಎಳೆ ಕಾಯಿ ಬರುತ್ತೆ ಅಂತ ಕಾಯ್ತಾರೆ, ಮನೆಗೆ ಬರೋದು ನಾರು ತುಂಬಿದ ಸಿಪ್ಪೆಯ ಕಾಯಿ. ತೆಲುಗಿನಲ್ಲಿ ಚಪ್ಪರದವರೆ ‘ಚಿಕ್ಕುಡುಕಾಯ’. ಕಾಳಿನ ಅವರೆಗೆ ರಾಯಲಸೀಮೆ ಕಡೆಯವರು ‘ಅನಪಕಾಯ’ ಅಂತಾರೆ. ಇದನ್ನ ಬರೆಯುವಾಗ ಮೊದಲ ಅಕ್ಷರ ಸ್ವಲ್ಪ ಎಳೆದು ‘ಆನಪಕಾಯ’ ಅಂತ ಹಾಕಿದಿರೋ, ಆಂಧ್ರದ ಕರಾವಳಿ ಕಡೆಯವರಿಗೆ ಅದು ಸೋರೆಕಾಯಿ! ಹಿಂದಿಯಲ್ಲಿ ‘ಸೇಮ್’ ಅಂತ ಒಂದೇ ಮಾತು, ಆದ್ದರಿಂದ ಅಲ್ಲಿ ‘ಸೇಮ್ ಕಾಯಿ’, ‘ಸೇಮ್ ಕಾಳು’ ಅಂತ ಬಿಡಿಸಿ ಹೇಳಬೇಕು.

ಕಡಲೆಕಾಯಿಯದ್ದೂ ಇಂಥದ್ದೇ ಕಥೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡಬಸವಣ್ಣನ ಗುಡಿ ಮುಂದೆ ನಡೆಯುವ ಕಡಲೆಕಾಯಿ ಪರಿಷೆಗೆ ಮಾಲು ಹಾಕುವ ಯುವಕರು ಇದನ್ನ ಗಮನಿಸಬೇಕು. ನಮಗೆ ‘ಕಡಲೆ’ ಬೇರೆ, ‘ಕಡಲೆಕಾಯಿ’ ಬೇರೆ. ತಮಿಳಿನಲ್ಲಿ ಬರೀ ‘ಕಡಲೈ’ ಅಂದರೂ ನೆಲಗಡಲೆ ಅಂತ ಹಿಡಿಯುವವರೇ ಹೆಚ್ಚು, ನಮ್ಮ ಕಡಲೆಕಾಳು ಅವರಿಗೆ ‘ಕೊಂಡೈಕ್ಕಡಲೈ’. ತೆಲುಗಿನವರಿಗೆ ‘ವೇರುಶನಗ’ ಅಥವಾ ‘ಪಲ್ಲೀಲು’, ಹಿಂದಿಯವರಿಗೆ ‘ಮೂಂಗ್‌ಫಲಿ’. ಕನ್ನಡದೊಳಗೇ ಹುಬ್ಬಳ್ಳಿ, ಧಾರವಾಡದವರಿಗೆ ‘ಶೇಂಗಾ’. ಹಾಗೇ ನಮ್ಮ ಈರುಳ್ಳಿ ಅವರಿಗೆ ‘ಉಳ್ಳಾಗಡ್ಡಿ’. ಇನ್ನು ಸೌತೆಕಾಯಿ. ಬೆಂಗಳೂರಿನಲ್ಲಿ ಅದು ಹಸಿಯಾಗಿ ಉಪ್ಪು ಖಾರ ಹಾಕಿ ತಿನ್ನೋದು. ಮಂಗಳೂರಿನವರಿಗೆ ಸಾಂಬಾರಿನ ಕಾಯಿ, ತಿನ್ನುವುದಕ್ಕೆ ಅವರದ್ದು ‘ಮುಳ್ಳುಸೌತೆ’. ಹಾಗಾಗಿ ನಿಮ್ಮ ಹೆಸರಿನ ಹಾಳೆಯಲ್ಲಿ ಕನ್ನಡಕ್ಕೇ ಎರಡು ಕಾಲಂ ಬೇಕು: ತೋರಿಸುವ ಹೆಸರು ಒಂದು, ಬೇರೆ ಕಡೆಯ ಹೆಸರುಗಳು ಇನ್ನೊಂದು. ಎರಡನೆಯದನ್ನು ಪಟ್ಟಿಯಲ್ಲಿ ತೋರಿಸಬೇಕಾಗಿಲ್ಲ, ಹುಡುಕುವ ಪೆಟ್ಟಿಗೆಗೆ ಅದು ಬೇಕಾಗುತ್ತೆ. ಉಳ್ಳಾಗಡ್ಡಿ ಅಂತ ಹಾಕಿದವರಿಗೂ 140ನೇ ಸಂಖ್ಯೆಯ ಈರುಳ್ಳಿ ಸಿಗಬೇಕು, ಲಿಂಬೆ ಅಂದವರಿಗೂ ನಿಂಬೆ ಸಿಗಬೇಕು.

ಈ ಗೊಂದಲಕ್ಕೆ ನೂರಾರು ವರ್ಷದ ಹಿನ್ನೆಲೆ ಇದೆ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ಅವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಓದಿದವರಿಗೆ ಗೊತ್ತಿರುತ್ತೆ, ನಾವು ನಮ್ಮದೇ ಅಂದುಕೊಂಡ ಎಷ್ಟೋ ತರಕಾರಿ ಹಡಗು ಹತ್ತಿ ಬಂದದ್ದು. ಬಂದಾಗ ಹೆಸರಿರಲಿಲ್ಲ, ಇಲ್ಲಿದ್ದವರ ಹೆಸರು ಸಾಲ ತೊಗೊಂಡವು. ಮೆಣಸಿನ ಖಾರ ಇದ್ದದ್ದಕ್ಕೆ ಮೆಣಸಿನಕಾಯಿ, ಸೀಮೆಯಿಂದ ಬಂದದ್ದಕ್ಕೆ ಸೀಮೆಬದನೆ. ಸ್ವಾಮಿಯವರ ತಂದೆ ಡಿ.ವಿ.ಜಿ. ಅವರ ಹೆಸರಿನ ರಸ್ತೆ ಗಾಂಧಿ ಬಜಾರಿನ ಪಕ್ಕದಲ್ಲೇ ಇದೆ. ಅಲ್ಲಿ ತರಕಾರಿ ಇಳಿಸೋಕೆ ಹೋದಾಗ ನನಗೆ ಈ ಪುಸ್ತಕ ನೆನಪಾಗದೆ ಇರಲ್ಲ.

ಹೆಸರು ಸರಿಯಿದೆಯೋ ಇಲ್ಲವೋ ಅಂತ ಯಾರನ್ನು ಕೇಳೋದು? ನಿಘಂಟು ಸ್ವಲ್ಪ ದೂರ ಬರುತ್ತೆ, ಅದರಾಚೆಗೆ ಬರಲ್ಲ. ಮಲ್ಲೇಶ್ವರದ 8ನೇ ಅಡ್ಡರಸ್ತೆಯಲ್ಲಿ, ಗಾಂಧಿ ಬಜಾರಿನಲ್ಲಿ, ಕೆ.ಆರ್. ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವ ಅಮ್ಮಂದಿರು, ಅಣ್ಣಂದಿರಿಗಿಂತ ಒಳ್ಳೆಯ ಅನುವಾದಕರು ಸಿಗಲ್ಲ. ಗಿರಾಕಿಯ ಮುಖ ನೋಡಿ ಭಾಷೆ ಬದಲಾಯಿಸುವವರು ಅವರು. ಫೋನಿನಲ್ಲಿ ತರಕಾರಿಯ ಫೋಟೊ ತೋರಿಸಿ, ‘ಅಕ್ಕಾ, ತೆಲುಗಿನವರು ಇದನ್ನ ಏನು ಅಂತ ಕೇಳ್ತಾರೆ?’ ಅನ್ನಿ. ಹೆಸರು ಹೇಳಿ ಅನುವಾದ ಕೇಳಬೇಡಿ, ವಸ್ತು ತೋರಿಸಿ ಹೆಸರು ಕೇಳಿ. ಅದೇ ಫೋಟೊವನ್ನು ಕೋಷ್ಟಕದಲ್ಲೂ ಒಂದು ಕಾಲಂ ಆಗಿ ಹಾಕಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ. ಗೂಗಲ್ ಶೀಟ್‌ನಲ್ಲಿ ಅನುವಾದ ಮಾಡಿಕೊಡುವ ಸೂತ್ರವೂ ಇದೆ. ಬೇಕಿದ್ದರೆ ಮೊದಲ ಕರಡಿಗೆ ಬಳಸಿ, ಆದರೆ ಮನುಷ್ಯರು ನೋಡಿ ಹೌದು ಅನ್ನುವವರೆಗೂ ಅಂಥ ಚೌಕಕ್ಕೆ ಹಳದಿ ಬಣ್ಣ ಬಳಿದಿಡಿ.

ಇನ್ನು ಕಟ್ಟುವ ಕೆಲಸ. ಗೂಗಲ್ ಶೀಟ್ ಸಾಕು ಅನ್ನುವವರು ಹೀಗೆ ಮಾಡಿ. ಮೊದಲ ಹಾಳೆ ನಿಮ್ಮದು: ಸಂಖ್ಯೆ, ಇವತ್ತಿನ ದರ, ಅಳತೆ, ಎಷ್ಟಿದೆ. ಎರಡನೆಯದು ಹೆಸರಿನ ಹಾಳೆ. ಆಮೇಲೆ ಭಾಷೆಗೊಂದು ಹಾಳೆ. ಈ ಭಾಷೆಯ ಹಾಳೆಗಳಲ್ಲಿ ನೀವು ಏನೂ ಟೈಪ್ ಮಾಡಬಾರದು. ‘ವಿಲುಕಪ್’ ಅನ್ನುವ ಸೂತ್ರ ಸಂಖ್ಯೆಯನ್ನು ಹಿಡಿದು ಹೆಸರಿನ ಹಾಳೆಯಿಂದ ಆ ಭಾಷೆಯ ಹೆಸರು ತರುತ್ತೆ, ಮೊದಲ ಹಾಳೆಯಿಂದ ದರ ತರುತ್ತೆ. ತಮಿಳು ಹೆಸರು ಇನ್ನೂ ತುಂಬಿಲ್ಲದಿದ್ದರೆ ಖಾಲಿ ಬಿಡದೆ ಕನ್ನಡ ಹೆಸರನ್ನೇ ತೋರಿಸು ಅಂತ ‘ಇಫ್’ ಸೂತ್ರ ಸೇರಿಸಿ. ಒಂದೇ ಹಾಳೆಯಲ್ಲಿ ಭಾಷೆ ಆರಿಸುವ ಪಟ್ಟಿ ಇಡಬಹುದಲ್ಲ ಅನ್ನಿಸಬಹುದು. ನೋಡುವುದಕ್ಕೆ ಮಾತ್ರ ಅನುಮತಿ ಇರುವ ಗಿರಾಕಿಗೆ ಆ ಆಯ್ಕೆ ಬದಲಾಯಿಸೋಕೆ ಆಗಲ್ಲ, ಬದಲಾಯಿಸುವ ಅನುಮತಿ ಕೊಟ್ಟರೆ ನಿಮ್ಮ ದರವನ್ನೂ ಬದಲಾಯಿಸಿಯಾರು. ಭಾಷೆಗೊಂದು ಹಾಳೆ, ಆ ಹಾಳೆಯದ್ದೇ ಲಿಂಕ್, ಇದೇ ಸುಲಭ. ಬೆಳಗ್ಗೆ ಟೊಮೆಟೊ ದರ ಒಂದು ಕಡೆ ತಿದ್ದಿದರೆ ಐದೂ ಕಡೆ ತಿದ್ದಿದ ಹಾಗೆ. ಭಾಷೆಗೊಂದು ದರಪಟ್ಟಿಯನ್ನೇ ಬೇರೆ ಬೇರೆ ಟೈಪ್ ಮಾಡಿ ಇಟ್ಟುಕೊಂಡರೆ, ಒಂದು ದಿನ ತಮಿಳು ಪಟ್ಟಿಯಲ್ಲಿ ನಿನ್ನೆಯ ದರ ಉಳಿದೇ ಉಳಿಯುತ್ತೆ.

ಸ್ವಂತ ವೆಬ್ ಪುಟ ಇರುವವರಿಗೆ, ಅಥವಾ ತಂಗಿನೋ ಗೆಳೆಯನೋ ಕೋಡ್ ಬರೆದುಕೊಡುವವರಿದ್ದರೆ, ಟ್ಯಾಬ್ಯುಲೇಟರ್, ಡೇಟಾಟೇಬಲ್ಸ್, ಎಜಿ ಗ್ರಿಡ್ ಅಂತ ಸಿದ್ಧ ಗ್ರಿಡ್‌ಗಳಿವೆ. ಎಲ್ಲದರಲ್ಲೂ ಭಾಷೆ ಬದಲಾಯಿಸುವ ವ್ಯವಸ್ಥೆ ಇದೆ, ಡೇಟಾಟೇಬಲ್ಸ್‌ಗೆ ಬಳಕೆದಾರರೇ ಮಾಡಿಕೊಟ್ಟ ಕನ್ನಡ ಫೈಲೂ ಸಿಗುತ್ತೆ. ಬಹಳ ಜನ ಇಲ್ಲಿ ನಿಂತುಬಿಡ್ತಾರೆ. ‘ಹುಡುಕಿ’, ‘ಮುಂದಿನ ಪುಟ’ ಅಂತ ಬಟನ್‌ಗಳು ಕನ್ನಡದಲ್ಲಿ ಕಂಡ ಕೂಡಲೇ ಕೆಲಸ ಮುಗೀತು ಅಂದುಕೊಳ್ತಾರೆ. ಆ ಫೈಲು ಬದಲಾಯಿಸೋದು ಗ್ರಿಡ್ಡಿನ ಸ್ವಂತ ಮಾತುಗಳನ್ನು ಮಾತ್ರ. ಕಾಲಂ ತಲೆಬರಹಗಳು ನಿಮ್ಮವು, ಅವನ್ನು ನೀವೇ ಕೊಡಬೇಕು. ಚೌಕದೊಳಗಿನ ತರಕಾರಿ ಹೆಸರು, ಅಳತೆ ಇವಕ್ಕೆ ಮತ್ತೆ ಅದೇ ಸಂಖ್ಯೆಯ ಲೆಕ್ಕ: ದತ್ತಾಂಶದಲ್ಲಿ 101 ಇರುತ್ತೆ, ತೋರಿಸುವಾಗ ಹೆಸರು. ಆರ್ಡರ್ ಬಟನ್ ಒತ್ತಿದಾಗ ಉಳಿಯಬೇಕಾದ್ದೂ 101, ಹೆಸರಲ್ಲ. ಆಗ ತಮಿಳಿನಲ್ಲಿ ಓದಿ ಒತ್ತಿದ ಆರ್ಡರು ನಿಮ್ಮ ಫೋನಿಗೆ ಕನ್ನಡದಲ್ಲೇ ಬಂದು ಕೂರುತ್ತೆ. ಇಷ್ಟೆಲ್ಲ ಮಾಡೋದು ಅದಕ್ಕೇ. ಜೊತೆಗೆ ಕೋಷ್ಟಕಕ್ಕೆ ‘ಟ್ರಾನ್ಸ್‌ಲೇಟ್: ನೋ’ ಅನ್ನುವ ಗುರುತು ಹಾಕಿಸಿ. ಆಗ ಬ್ರೌಸರು ತಾನಾಗಿ ಅನುವಾದ ಮಾಡೋಕೆ ಹೊರಟರೂ ನೀವು ಕಷ್ಟಪಟ್ಟು ಸರಿಮಾಡಿದ ಹೆಸರನ್ನು ಮುಟ್ಟದೆ ಬಿಡುತ್ತೆ.

ಅಳತೆಗೂ ಸಂಖ್ಯೆ ಕೊಡಿ. ಕಟ್ಟು, ಮೊಳ, ಮಾರು, ಪರಿಷೆಯ ಸೇರು ಇವು ಅನುವಾದ ಆಗೋ ಪದಗಳಲ್ಲ, ಒಪ್ಪಂದಗಳು. ಮೊಳಕ್ಕೆ ತಮಿಳಿನಲ್ಲಿ ‘ಮುೞಂ’, ತೆಲುಗಿನಲ್ಲಿ ‘ಮೂರ’, ಸುಲಭವಾಗಿ ಸಿಗುತ್ತೆ. ಆದರೆ ಕಟ್ಟು ಎಷ್ಟು ದಪ್ಪ ಅಂತ ಯಾವ ಭಾಷೆಯೂ ಹೇಳಲ್ಲ. ನಿಮ್ಮ ಕಟ್ಟನ್ನು ನಾಲ್ಕು ದಿನ ತೂಗಿ, ‘ಕಟ್ಟು, ಸುಮಾರು 200 ಗ್ರಾಂ’ ಅಂತ ಎಲ್ಲ ಭಾಷೆಯಲ್ಲೂ ಹಾಕಿ, ತೂಕ ನಿಮ್ಮದು ಎಷ್ಟೋ ಅಷ್ಟು. ಸೇರಂತೂ ತೂಕವಲ್ಲ, ತುಂಬಿ ಅಳೆಯೋದು. ಹಸಿ ಕಡಲೆಕಾಯಿ, ಒಣಗಿದ್ದು, ಹುರಿದದ್ದು ಒಂದೇ ಸೇರಿನಲ್ಲಿ ಬೇರೆ ಬೇರೆ ತೂಗುತ್ತವೆ. ಹಿಂದಿಯವರಿಗೆ ‘ಸೇರ್’ ಅಂದರೆ ಹಳೆಯ ಕಾಲದ ಒಂದು ತೂಕ. ಅಲ್ಲೂ ಗ್ರಾಂ ಹಾಕದೆ ಬಿಡಬೇಡಿ.

ಲಿಪಿಯ ತೊಂದರೆ ಕೆಲವಿದೆ, ಬೇಗ ಹೇಳಿಬಿಡ್ತೀನಿ. ಹಳೆಯ ನುಡಿ ಫೈಲಿನಲ್ಲಿ ಟೈಪ್ ಮಾಡಿಟ್ಟ ಪಟ್ಟಿಯನ್ನು ನೇರ ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರದ ಗಜಿಬಿಜಿ ಬರುತ್ತೆ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ‘ಸೊಪ್ಪು’ ಪದದ ‘ಸೊ’ ಇದೆಯಲ್ಲ, ಅದರ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಗುರುತಾಗಿಯೂ ಬರೆಯಬಹುದು, ಎರಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಫೋನಿಗೆ ಎರಡು. ಹುಡುಕಿದರೆ ಸೊಪ್ಪು ಸಿಗ್ತಾ ಇಲ್ಲ ಅಂದರೆ ಕಾರಣ ಇದಿರಬಹುದು. ಕೋಡ್ ಬರೆಯುವವರಿಗೆ ‘ನಾರ್ಮಲೈಸ್ ಮಾಡು’ ಅಂದರೆ ಸಾಕು, ಅವರಿಗೆ ಗೊತ್ತಾಗುತ್ತೆ. ಗ್ರಿಡ್ಡಿನ ಸಾಲಿನ ಎತ್ತರ ಇಂಗ್ಲಿಷಿಗೆ ಅಂತ ಇಟ್ಟಿರುತ್ತಾರೆ, ‘ಕೊತ್ತಂಬರಿ ಸೊಪ್ಪು’ ಬರೆದಾಗ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತೆ. ಎತ್ತರ ಹೆಚ್ಚಿಸಿ, ಹೆಸರು ಎರಡು ಸಾಲಿಗೆ ಮುರಿಯೋಕೆ ಬಿಡಿ. ದರವನ್ನು 40 ಅಂತಲೇ ತುಂಬಿ, ಕನ್ನಡ ಅಂಕಿಯಲ್ಲಿ ತುಂಬಿದರೆ ಶೀಟು ಸಾಮಾನ್ಯವಾಗಿ ಅದನ್ನ ಅಕ್ಷರ ಅಂದುಕೊಂಡು ಕೂಡಿಸಲ್ಲ. ಕನ್ನಡ ಅಂಕಿ ತೋರಿಸುವ ಆಸೆ ಇದ್ದರೆ ತೋರಿಸುವ ಹಾಳೆಯಲ್ಲಿ ಮಾತ್ರ ತೋರಿಸಿ. ತಾರೀಖಿಗೆ ‘03/04’ ಬೇಡ, ಏಪ್ರಿಲ್ 3 ಅಂತ ಹೆಸರು ಹಿಡಿದೇ ಹೇಳಿ.

ಚಾಮರಾಜಪೇಟೆ ಕಡೆ ಗಿರಾಕಿ ಇರುವವರಿಗೆ ಉರ್ದು ಸೇರಿಸುವ ಯೋಚನೆ ಬರಬಹುದು. ಉರ್ದು ಬಲದಿಂದ ಎಡಕ್ಕೆ. ಬರೀ ಹೆಸರು ಬದಲಾಯಿಸಿದರೆ ಸಾಲದು, ಕಾಲಂಗಳ ಕ್ರಮವೇ ಕನ್ನಡಿಯಲ್ಲಿ ಕಂಡಂತೆ ತಿರುಗಬೇಕು, ಅಂಕಿಗಳು ಮಾತ್ರ ಎಡದಿಂದ ಬಲಕ್ಕೇ ಇರಬೇಕು. ಒಳ್ಳೆಯ ಗ್ರಿಡ್‌ಗಳಲ್ಲಿ ಇದಕ್ಕೆ ಒಂದು ಆಯ್ಕೆ ಇರುತ್ತೆ. ಆದರೆ ಮೊದಲು ಆ ಗಿರಾಕಿಗಳನ್ನೇ ಕೇಳಿ. ಮನೆಯಲ್ಲಿ ಉರ್ದು ಮಾತಾಡಿ, ವ್ಯಾಪಾರಕ್ಕೆ ಕನ್ನಡವನ್ನೋ ಇಂಗ್ಲಿಷನ್ನೋ ಓದುವವರು ಅಲ್ಲಿ ಎಷ್ಟೋ ಜನ. ಬೇಡದ ಭಾಷೆಗೆ ಕಾಲಂ ತುಂಬುವ ಬದಲು ಆ ಹೊತ್ತಿನಲ್ಲಿ ಕಳೆ ಕೀಳಬಹುದು.

ಒಂದು ಅನುಕೂಲ ಮರೆತಿದ್ದೆ. ಹೆಸರಿನ ಪ್ರಕಾರ ಜೋಡಿಸಿದಾಗ ಕನ್ನಡದಲ್ಲಿ ಅವರೆ ಮೊದಲ ಸಾಲಿಗೆ ಬರುತ್ತೆ, ತಮಿಳಿನಲ್ಲಿ ಮೊಚ್ಚೈ ಎಲ್ಲೋ ನಡುವೆ ಇರುತ್ತೆ. ಫೋನಿನಲ್ಲಿ ‘ಮೂರನೇ ಸಾಲಿನದ್ದು ಹತ್ತು ಕೆ.ಜಿ. ಕಳಿಸಿ’ ಅಂದರೆ ನಿಮ್ಮ ಮೂರನೇ ಸಾಲು ಬೇರೆ, ಅವರದ್ದು ಬೇರೆ. ಅದಕ್ಕೇ ಸಂಖ್ಯೆಯನ್ನು ಬಚ್ಚಿಡದೆ ಹೆಸರಿನ ಪಕ್ಕದಲ್ಲೇ ಸಣ್ಣದಾಗಿ ತೋರಿಸಿ. ‘122, ಹತ್ತು ಕೆ.ಜಿ.’ ಅಂತ ಹೇಳೋದು ಎಲ್ಲರಿಗೂ ಬೇಗ ಅಭ್ಯಾಸ ಆಗುತ್ತೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಆ ಬೆಳೆ ನಿಲ್ಲಿಸಿದರೂ ಬೇರೆಯದಕ್ಕೆ ಕೊಡಬೇಡಿ. ಹೋದ ವರ್ಷದ ಆರ್ಡರ್ ತೆಗೆದು ನೋಡಿದಾಗ 122 ಅಂದರೆ ಆಗಲೂ ಅದೇ ಆಗಿರಬೇಕು.

ಶುರು ಮಾಡೋಕೆ ನೂರು ಬೆಳೆ ಬೇಡ. ಈ ತಿಂಗಳು ನಿಮ್ಮ ತೋಟದಿಂದ ಹೊರಡುವ 15–20 ಸರಕಿಗೆ ಸಂಖ್ಯೆ ಕೊಡಿ, ಕನ್ನಡ ಮತ್ತು ನಿಮ್ಮ ಗಿರಾಕಿಗಳಲ್ಲಿ ಹೆಚ್ಚು ಜನ ಓದುವ ಇನ್ನೊಂದು ಭಾಷೆ ತುಂಬಿ. ಆ ಎರಡನೇ ಭಾಷೆ ಓದುವ ಒಬ್ಬ ಗಿರಾಕಿಗೆ ಕನ್ನಡ ತೋರಿಸದೆ ಬರೀ ಅವರ ಹಾಳೆಯ ಲಿಂಕ್ ಕಳಿಸಿ, ಪ್ರತಿ ಸಾಲಿಗೂ ‘ಇದು ಬಂದರೆ ಮನೆಯಲ್ಲಿ ಏನು ಅಡುಗೆ ಮಾಡ್ತೀರಿ?’ ಅಂತ ಕೇಳಿ. ಮೊಚ್ಚೈ ಸಾಲಿಗೆ ಅವರು ಸಿಪ್ಪೆ ಸಮೇತ ಹೆಚ್ಚಿ ಪಲ್ಯ ಅಂದರೆ, ಆ ಸಾಲನ್ನು ಮತ್ತೆ ಹಳದಿ ಮಾಡಿ, ಫೋಟೊ ಹಿಡಿದು ಇನ್ನೊಬ್ಬರನ್ನು ಕೇಳಿ.